ಹಗೇವು ತುಂಬಿದ ಮೇಲೆ

ಕನ್ನಡದಲ್ಲಿ ಕೊಬ್ಬು ಎಂದರೆ ಬರೀ ಮೈಯೊಳಗಿನ ವಸ್ತುವಲ್ಲ, ಗುಣವೂ ಹೌದು. 'ಅವನಿಗೆಷ್ಟು ಕೊಬ್ಬು ನೋಡು' ಎಂದಾಗ ಯಾರೂ ಅವನ ಸೊಂಟದ ಸುತ್ತಳತೆ ಕೇಳುವುದಿಲ್ಲ. 'ನಿನ್ನ ಕೊಬ್ಬು ಇಳಿಸ್ತೀನಿ' ಎಂದವನು ವ್ಯಾಯಾಮ ಹೇಳಿಕೊಡುವ ಮೇಷ್ಟ್ರೂ ಅಲ್ಲ. ಬೆಳೆಯುವುದು, ತುಂಬಿಕೊಳ್ಳುವುದು, ಸೊಕ್ಕುವುದು ಎಲ್ಲವನ್ನೂ ಒಂದೇ ಪದದಲ್ಲಿ ಕಟ್ಟಿಟ್ಟಿರುವ ನಮ್ಮ ಭಾಷೆ, ದಪ್ಪಗಿರುವವರ ಬಗ್ಗೆ ಮೊದಲೇ ಒಂದು ತೀರ್ಪು ಬರೆದಿಟ್ಟುಕೊಂಡಿದೆ. ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವ, ಸ್ವತಃ ದಪ್ಪಗಿರುವ ನನಗೆ ಈ ತೀರ್ಪು ಚೆನ್ನಾಗಿ ಪರಿಚಯ. ನಾನು ಬಸ್ಸಿನಲ್ಲಿ ಮೂವರ ಸೀಟಿಗೆ ಕೂತರೆ ಮೂರನೆಯವರು ಒಂದು ಕ್ಷಣ ಯೋಚಿಸುತ್ತಾರೆ. ಮದುವೆ ಮನೆಯಲ್ಲಿ ಎರಡನೆಯ ಒಬ್ಬಟ್ಟು ಹಾಕಿಸಿಕೊಂಡರೆ ಎದುರು ಸಾಲಿನವರ ಕಣ್ಣು ಎಲೆಯ ಮೇಲೆ ಬೀಳುತ್ತದೆ. ಅದೇ ಸಾಲಿನಲ್ಲಿ ನನ್ನ ತಮ್ಮ ನಾಲ್ಕು ತಿಂದರೂ 'ತಿನ್ನೋ ವಯಸ್ಸು, ತಿನ್ಲಿ' ಎನ್ನುತ್ತಾರೆ. ಅವನಿಗೀಗ ನಲವತ್ತು. ಆದರೂ ಕಡ್ಡಿಯಂತೆ ಇದ್ದಾನೆ.

ಹೋದ ವರ್ಷ ಯುಗಾದಿಗೆ ಮುಂಚೆ ನಾವಿಬ್ಬರೂ ಒಂದೇ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಮಂಡ್ಯದ ಒಂದು ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬಂದೆವು. ಅವ್ವನ ಹಟ. ಅಪ್ಪ ಸಕ್ಕರೆ ಕಾಯಿಲೆ ಕಿಡ್ನಿಗೆ ಏರಿ ಅರವತ್ತೊಂದಕ್ಕೇ ಹೋದವರು. ಸಾಯಂಕಾಲ ವರದಿ ಬಂತು. ನನ್ನ ಫಾಸ್ಟಿಂಗ್ ಸಕ್ಕರೆ 112, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಫಾಸ್ಟಿಂಗ್ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಪ್ರಿಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ನಾನು ಹೊಸ್ತಿಲ ಮೇಲಿದ್ದೆ. ತಮ್ಮ ಹೊಸ್ತಿಲು ದಾಟಿ ಒಳಗೆ ಹೋಗಿದ್ದ. ಫಾಸ್ಟಿಂಗ್ 131, ಎಚ್‌ಬಿಎ1ಸಿ 6.8. ರಕ್ತದ ಟ್ರೈಗ್ಲಿಸರೈಡ್ ನನಗಿಂತ ಹೆಚ್ಚು, 268. ಆಮೇಲೆ ಮಾಡಿಸಿದ ಸ್ಕ್ಯಾನಿನಲ್ಲಿ ಅವನ ಲಿವರ್ ತುಂಬ ಕೊಬ್ಬು. "ಏನಕ್ಕ ಇದು, ಮೈಮೇಲೆ ಹುಡುಕಿದ್ರೂ ಸಿಗಲ್ಲ, ಲಿವರ್‌ನಾಗೆ ಕೊಬ್ಬಂತಲ್ಲ!" ಎಂದ. ಅವ್ವ ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದು ನನ್ನನ್ನೊಮ್ಮೆ ಅವನನ್ನೊಮ್ಮೆ ನೋಡಿ, "ಅದ್ಲುಬದ್ಲಾಗಿರ್ಬೇಕು ಕಣವ್ವ, ಇನ್ನೊಂದ್ಸಲ ಕೇಳ್ಕಂಡ್ ಬಾ" ಎಂದಳು.

ಅದಲುಬದಲಾಗಿರಲಿಲ್ಲ. ವರದಿ ನೋಡಿದ ವೈದ್ಯರು ಹೇಳಿದ್ದು ಇಷ್ಟೇ: "ಕೊಬ್ಬು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿ ಕೂತಿದೆ ಅನ್ನೋದು ಮುಖ್ಯ ಮೇಡಂ." ಅವರ ಹೊರಗಡೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು, ವಿವರಿಸಲು ಹೊತ್ತಿರಲಿಲ್ಲ. ಆ ಒಂದು ವಾಕ್ಯ ನನ್ನನ್ನು ಒಂದು ವರ್ಷ ಓದಿಸಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ, ಇನ್ನೂ ಹದಿಮೂರೂವರೆ ಕೋಟಿಗೂ ಮಿಕ್ಕಿ ಜನ ನನ್ನ ಹಾಗೆ ಹೊಸ್ತಿಲ ಮೇಲಿದ್ದಾರೆ. ಅಷ್ಟು ಜನರ ಮೈಯೊಳಗೆ ನಡೆಯುತ್ತಿರುವ ವಿಷಯ ನನ್ನಂಥ ಭಾಷೆಯ ಮೇಷ್ಟ್ರಿಗೂ ಅರ್ಥವಾಗಬೇಕು ಅನ್ನಿಸಿತು.

ಅರ್ಥ ಮಾಡಿಕೊಳ್ಳಲು ನನಗೆ ನೆರವಾದದ್ದು ಅಜ್ಜನ ಮನೆಯ ಹಗೇವು. ಈಗಿನ ಮಕ್ಕಳು ಹಗೇವು ಕಂಡಿರಲಾರರು. ನೆಲದೊಳಗೆ ಆಳಕ್ಕೆ ಅಗೆದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ ಅದು. ಕಣದಿಂದ ಬಂದ ರಾಗಿಯನ್ನು ಅದರೊಳಗೆ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ರಾಗಿ ಕೆಡುತ್ತಿರಲಿಲ್ಲ. ತೆಗೆಯುವ ದಿನ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಹೊತ್ತು ಕಾದು, ದೀಪ ಇಳಿಬಿಟ್ಟು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಹಗೇವಿನ ಮರ್ಯಾದೆ ಇರುವುದು ಎರಡು ವಿಷಯದಲ್ಲಿ: ಮುಚ್ಚಿದಾಗ ಸರಿಯಾಗಿ ಮುಚ್ಚಿರಬೇಕು, ಬೇಕಾದಾಗ ತೆರೆಯಬೇಕು.

ಮೈಯ ಕೊಬ್ಬೂ ಇಂಥದೇ ಒಂದು ಹಗೇವು. ಉಂಡ ಮುದ್ದೆ, ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದನ್ನು ಸಕ್ಕರೆಯ ರೂಪದಲ್ಲೇ ಕೂಡಿಡಲು ಮೈಯಲ್ಲಿ ಜಾಗ ಕಡಿಮೆ. ಲಿವರ್‌ನಲ್ಲಿ ಸುಮಾರು ನೂರು ಗ್ರಾಂ, ಸ್ನಾಯುಗಳಲ್ಲಿ ನಾನೂರು ಗ್ರಾಂ. ಅಡಿಗೆಮನೆಯ ಡಬ್ಬದಲ್ಲಿ ನಿತ್ಯದ ಖರ್ಚಿಗೆ ಇಟ್ಟ ಹಿಟ್ಟಿನಂತೆ ಅದು. ಒಂದು ದಿನ ಪೂರ್ತಿ ಉಪವಾಸವಿದ್ದರೆ ಲಿವರ್‌ನ ಡಬ್ಬ ಬಹುಪಾಲು ಖಾಲಿ. ಕೊಬ್ಬಿನ ಲೆಕ್ಕ ಬೇರೆ. ಒಂದು ಗ್ರಾಂ ಸಕ್ಕರೆಯಲ್ಲಿ ನಾಲ್ಕು ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿನಲ್ಲಿ ಒಂಬತ್ತು. ಎಪ್ಪತ್ತು ಕಿಲೋ ತೂಗುವ ಸಾಧಾರಣ ಮನುಷ್ಯನೂ ಕೊಬ್ಬಿನ ರೂಪದಲ್ಲಿ ಸುಮಾರು ಒಂದು ಲಕ್ಷ ಕ್ಯಾಲೊರಿ ಹೊತ್ತುಕೊಂಡೇ ಓಡಾಡುತ್ತಾನೆ, ಅಂದರೆ ವಾರಗಟ್ಟಲೆಯ ಬುತ್ತಿ.

ಈ ಹಗೇವಿನ ಚಪ್ಪಡಿಗೆ ಕಾವಲುಗಾರ ಇನ್ಸುಲಿನ್. ಸಕ್ಕರೆಯನ್ನು ಇಳಿಸುವ ಔಷಧ ಎಂದಷ್ಟೇ ನಾವು ಅದನ್ನು ಬಲ್ಲೆವು. ಆದರೆ ಕೊಬ್ಬಿನ ಮೇಲೆ ಅದರ ಅಧಿಕಾರ ಇನ್ನೂ ಸೂಕ್ಷ್ಮ. ಊಟವಾದ ಮೇಲೆ ಇನ್ಸುಲಿನ್ ಏರಿದರೆ ಹಗೇವಿನ ಬಾಯಿ ಮುಚ್ಚುತ್ತದೆ: ಈಗ ಹೊರಗಡೆ ಬೇಕಾದಷ್ಟಿದೆ, ಕೂಡಿಟ್ಟದ್ದನ್ನು ಮುಟ್ಟಬೇಡಿ ಎಂದು ಅಪ್ಪಣೆ. ರಾತ್ರಿ ಮಲಗಿದಾಗ ಇನ್ಸುಲಿನ್ ಇಳಿಯುತ್ತದೆ, ಚಪ್ಪಡಿ ಸರಿಯುತ್ತದೆ, ಕೊಬ್ಬು ಕರಗಿ ಕೊಬ್ಬಿನಾಮ್ಲಗಳಾಗಿ ರಕ್ತಕ್ಕೆ ಬರುತ್ತದೆ, ಸ್ನಾಯುಗಳು ಅದನ್ನು ಉರಿಸಿ ಬೆಳಗು ಮಾಡುತ್ತವೆ. ಹಗಲು ಸಕ್ಕರೆ, ಇರುಳು ಕೊಬ್ಬು. ಆರೋಗ್ಯವಂತರ ಮೈ ದಿನಕ್ಕೆ ಹಲವು ಸಲ ಸದ್ದಿಲ್ಲದೆ ಒಲೆಯ ಸೌದೆ ಬದಲಿಸುತ್ತಿರುತ್ತದೆ.

ನನ್ನ ಕೊಬ್ಬು ಹಳೆಯ ಸರಕು ಎಂಬ ಭಾವನೆ ನನಗಿತ್ತು. ಬಾಣಂತನದ ತುಪ್ಪ, ತವರಿನ ಕಜ್ಜಾಯ ಎಲ್ಲ ಇಲ್ಲೇ ಕೂತಿದೆ ಎಂದು ನಗೆಯಾಡುತ್ತಿದ್ದೆ. ಆ ನಗೆಗೆ ಆಧಾರವಿಲ್ಲ ಎಂದು ತಿಳಿದದ್ದು ಸ್ಟಾಕ್‌ಹೋಮಿನ ಸಂಶೋಧಕರ ಕೆಲಸ ಓದಿದಾಗ. ಶೀತಲ ಸಮರದ ಕಾಲದಲ್ಲಿ ದೇಶಗಳು ಬಯಲಿನಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದಾಗ ಗಾಳಿಯಲ್ಲಿ ಕಾರ್ಬನ್-14 ಏರಿತ್ತು. 1963ರಲ್ಲಿ ಬಯಲಿನ ಪರೀಕ್ಷೆ ನಿಲ್ಲಿಸುವ ಒಪ್ಪಂದವಾದ ಮೇಲೆ ಅದು ಮೆಲ್ಲಗೆ ಇಳಿಯುತ್ತ ಬಂತು. ಗಾಳಿಯದು ಗಿಡಕ್ಕೆ, ಗಿಡದ್ದು ನಮ್ಮ ಮೈಗೆ. ಹಾಗಾಗಿ ಮೈಯ ಒಂದು ತುಣುಕಿನಲ್ಲಿ ಆ ಕಾರ್ಬನ್ ಎಷ್ಟಿದೆ ಎಂದು ನೋಡಿದರೆ ಅದು ಯಾವ ವರ್ಷ ಹುಟ್ಟಿದ್ದೆಂದು ಹೇಳಬಹುದು. ಈ ಉಪಾಯದಿಂದ ಅವರು 2008ರಲ್ಲಿ ಕಂಡುಕೊಂಡದ್ದು: ಕೊಬ್ಬಿನ ಕಣಗಳ ಸಂಖ್ಯೆ ಬಾಲ್ಯ ಮತ್ತು ಹದಿಹರೆಯದಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ವರ್ಷಕ್ಕೆ ಹತ್ತರಲ್ಲೊಂದು ಸತ್ತು ಅಷ್ಟೇ ಹೊಸದು ಹುಟ್ಟುತ್ತವೆ. ತುಂಬ ತೂಕ ಇಳಿಸಿದರೂ ಕಣಗಳು ಸಣ್ಣಗಾಗುತ್ತವೆಯೇ ಹೊರತು ಲೆಕ್ಕ ಕಡಿಮೆಯಾಗುವುದಿಲ್ಲ. 2011ರಲ್ಲಿ ಕಣದೊಳಗಿನ ಕೊಬ್ಬಿನ ವಯಸ್ಸನ್ನೂ ಅಳೆದರು. ಸರಾಸರಿ ಒಂದೂವರೆ ವರ್ಷಕ್ಕೆ ತುಸು ಹೆಚ್ಚು, ಅಷ್ಟೇ. ನನ್ನ ಬಾಣಂತನದ ತುಪ್ಪ ಎಂದೋ ಖರ್ಚಾಗಿದೆ. ಹಗೇವು ಹಳೆಯದು, ರಾಗಿ ಹೊಸದು.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿತ್ತು. ಬೊಜ್ಜು ಇರುವವರಲ್ಲಿ ವರ್ಷಕ್ಕೆ ಒಳಗೆ ಹೋಗುವ ಕೊಬ್ಬು ಹೆಚ್ಚು, ಹಳೆಯದು ಹೊರಬರುವ ವೇಗ ಕಡಿಮೆ. ಬೊಜ್ಜು ಮೈಯ ಕೊಬ್ಬಿನ ವ್ಯವಹಾರವನ್ನು ಕೆಡಿಸುವುದು ಇಲ್ಲಿಂದ ಶುರು. ಕಣಗಳು ತುಂಬಿ ಊದಿಕೊಳ್ಳುತ್ತವೆ. ಊದಿದ ಕಣಗಳಿಗೆ ರಕ್ತ, ಗಾಳಿ ಸಾಕಾಗುವುದಿಲ್ಲ. ಕೆಲವು ಸಾಯುತ್ತವೆ. ಸತ್ತದ್ದನ್ನು ಗುಡಿಸಲು ಮೈಯ ರಕ್ಷಣೆಯ ಬಿಳಿಕಣಗಳು ಬಂದು ಸುತ್ತ ನೆರೆಯುತ್ತವೆ, ಅಲ್ಲಿ ಸದಾ ಸಣ್ಣ ಉರಿಯೂತ. ಇಂಥ ಗದ್ದಲದಲ್ಲಿ ಇನ್ಸುಲಿನ್ನಿನ ಅಪ್ಪಣೆ ಸರಿಯಾಗಿ ಕೇಳಿಸುವುದಿಲ್ಲ. ಊಟವಾದ ಮೇಲೆ ಮುಚ್ಚಬೇಕಾದ ಚಪ್ಪಡಿ ಪೂರ್ತಿ ಮುಚ್ಚುವುದಿಲ್ಲ, ಕೊಬ್ಬಿನಾಮ್ಲಗಳು ಸೋರುತ್ತಲೇ ಇರುತ್ತವೆ. ಹಸಿದಾಗ, ದುಡಿದಾಗ ತೆರೆಯಬೇಕಾದದ್ದು ಪೂರ್ತಿ ತೆರೆಯುವುದೂ ಇಲ್ಲ. ಬೇಕೆಂದಾಗ ತೆರೆಯದ, ಬೇಡವೆಂದಾಗ ಮುಚ್ಚದ ಬಾಗಿಲು. ಪ್ರಿಡಯಾಬಿಟಿಸ್ ಎಂದರೆ ರಕ್ತದ ಸಕ್ಕರೆಯ ಸುದ್ದಿ ಎಂದುಕೊಂಡಿದ್ದೆ. ಆ ಸುದ್ದಿ ಹೊರಬೀಳುವ ವರ್ಷಗಳ ಮುಂಚೆಯೇ ಕೊಬ್ಬಿನ ಈ ಬಾಗಿಲು ಸಡಿಲಾಗಿರುತ್ತದೆ.

ಸೋರಿದ್ದು ಎಲ್ಲಿಗೆ ಹೋಗುತ್ತದೆ? ಅಜ್ಜನ ಮನೆಯಲ್ಲಿ ಒಂದು ವರ್ಷ ಬೆಳೆ ಹೆಚ್ಚಾಗಿ ಹಗೇವು ತುಂಬಿ, ಉಳಿದ ಮೂಟೆಗಳನ್ನು ಪಡಸಾಲೆಯಲ್ಲಿ, ನಡುಮನೆಯಲ್ಲಿ, ಕೊನೆಗೆ ಒಲೆಯ ಪಕ್ಕದಲ್ಲೂ ಒಟ್ಟಿದ್ದರಂತೆ. ಅಡಿಗೆ ಮಾಡಲು ಜಾಗವಿಲ್ಲ, ಓಡಾಡಲು ದಾರಿಯಿಲ್ಲ, ಎಲ್ಲೆಲ್ಲೂ ಇಲಿ. ಮೈಯಲ್ಲೂ ಹಾಗೆಯೇ. ಕೊಬ್ಬು ತನ್ನ ಜಾಗ ಬಿಟ್ಟು ಲಿವರ್, ಸ್ನಾಯು, ಮೇದೋಜೀರಕ ಗ್ರಂಥಿಯಂಥ ಕೆಲಸದ ಮನೆಗಳಿಗೆ ನುಗ್ಗುತ್ತದೆ. ಲಿವರ್‌ನ ಕಥೆ ನನಗೆ ಹೆಚ್ಚು ಸೋಜಿಗ ತಂದಿತು. 'ನಾನು ತುಪ್ಪ ಮುಟ್ಟಿ ವರ್ಷವಾಯ್ತು, ರಕ್ತದಲ್ಲಿ ಕೊಬ್ಬು ಹೇಗೆ ಬಂತು' ಎಂದು ತಮ್ಮ ವೈದ್ಯರನ್ನು ಕೇಳಿದ್ದ. ಉತ್ತರ ಅವನ ತಟ್ಟೆಯಲ್ಲೇ ಇತ್ತು. ಹೆಚ್ಚಾದ ಸಕ್ಕರೆಯಿಂದ ಲಿವರ್ ತಾನೇ ಹೊಸದಾಗಿ ಕೊಬ್ಬು ತಯಾರಿಸಬಲ್ಲದು. ಇನ್ಸುಲಿನ್ನಿಗೆ ಕಿವುಡಾದ ಲಿವರ್, ಅದರ ಒಂದು ಮಾತಿಗೆ ಮಾತ್ರ ಕಿವುಡು. 'ಸಕ್ಕರೆ ಮಾಡಿ ಹೊರಗೆ ಬಿಡಬೇಡ' ಎಂಬುದನ್ನು ಕೇಳುವುದಿಲ್ಲ, 'ಕೊಬ್ಬು ಕಟ್ಟು' ಎಂಬುದನ್ನು ಚಾಚೂ ತಪ್ಪದೆ ಕೇಳುತ್ತದೆ. ಕಿವುಡರ ಹತ್ತಿರ ಕೂಗಿ ಮಾತಾಡುವ ಹಾಗೆ ಮೈ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಫಲವಾಗಿ ಸಕ್ಕರೆಯೂ ಏರುತ್ತದೆ, ಕೊಬ್ಬೂ ಏರುತ್ತದೆ. ತಟ್ಟೆಯ ಅನ್ನ, ಕಾಫಿಯ ಸಕ್ಕರೆ ಜೊತೆಗೆ ಹಗೇವಿನಿಂದ ಸೋರಿ ಬಂದದ್ದು, ಎಲ್ಲ ಸೇರಿ ಟ್ರೈಗ್ಲಿಸರೈಡ್ ಆಗಿ ಲಿವರ್‌ನಿಂದ ರಕ್ತಕ್ಕೆ ಹೊರಡುತ್ತದೆ. ತುಪ್ಪ ಇಲ್ಲಿ ನೆಪ ಮಾತ್ರ.

ಸ್ನಾಯುವಿನದು ಬೇರೆ ಪಾಡು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಡೇವಿಡ್ ಕೆಲ್ಲಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಾಲಿನ ಸ್ನಾಯು ಯಾವ ಸೌದೆ ಉರಿಸುತ್ತಿದೆ ಎಂದು ಅಳೆದು ನೋಡಿದರು. ತೆಳ್ಳಗಿನ ಆರೋಗ್ಯವಂತರ ಕಾಲು ಉಪವಾಸದಲ್ಲಿ ಕೊಬ್ಬು ಉರಿಸುತ್ತಿತ್ತು, ಇನ್ಸುಲಿನ್ ಕೊಟ್ಟ ಕೂಡಲೇ ಸಕ್ಕರೆಗೆ ಬದಲಾಗುತ್ತಿತ್ತು. ಬೊಜ್ಜು ಮತ್ತು ಇನ್ಸುಲಿನ್ ನಿರೋಧ ಇದ್ದವರಲ್ಲಿ ಈ ಬದಲಾವಣೆಯೇ ಮಂಕಾಗಿತ್ತು. ಉಪವಾಸದಲ್ಲಿ ಕೊಬ್ಬನ್ನು ಸಾಕಷ್ಟು ಉರಿಸದು, ಉಂಡಾಗ ಕೊಬ್ಬನ್ನು ಬಿಟ್ಟು ಸಕ್ಕರೆಗೆ ತಿರುಗದು. ಮಧ್ಯಾಹ್ನ ಊಟವಾದ ಮೇಲೆ ಸ್ಟಾಫ್ ರೂಮಿನಲ್ಲಿ ನನ್ನನ್ನು ಹಿಡಿದು ಎಳೆಯುವ ಆ ಮಂಪರಿಗೆ ಇದೇ ಕಾರಣವೆಂದು ನಾನು ಹೇಳಲಾರೆ. ಆದರೆ ಒಲೆಗೆ ಯಾವ ಸೌದೆ ಇಡುವುದೆಂದು ತೋಚದೆ ಕೂತ ಮೈಯ ಚಿತ್ರ ಮಾತ್ರ ಅವತ್ತಿನಿಂದ ಕಣ್ಣಮುಂದೆ ಇದೆ.

ಇಷ್ಟಾದ ಮೇಲೂ ಕೊಬ್ಬೇ ಖಳನಾಯಕ ಎಂಬ ನಂಬಿಕೆ ನನ್ನಲ್ಲಿ ಉಳಿದಿತ್ತು. ಅದನ್ನು ಬುಡಮೇಲು ಮಾಡಿದ್ದು ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯ ವಿವರ. ಇಂಥವರಲ್ಲಿ ಕೆಲವರಿಗೆ ಚರ್ಮದಡಿ ಕೊಬ್ಬು ಕೂಡಿಡುವ ಕಣಗಳೇ ಇಲ್ಲದಂತಾಗಿರುತ್ತದೆ. ನೋಡಲು ನರನರ ಎದ್ದ ಮೈ, ಜಟ್ಟಿಯಂಥ ತೋಳು. ನಮ್ಮ ಲೆಕ್ಕದಲ್ಲಿ ಇವರಿಗಿಂತ ಆರೋಗ್ಯವಂತರು ಇರಬಾರದು. ಆದರೆ ಇವರಿಗೆ ಬರುವ ಸಕ್ಕರೆ ಕಾಯಿಲೆ ಬಹಳ ಕಠಿಣ, ಟ್ರೈಗ್ಲಿಸರೈಡ್ ವಿಪರೀತ, ಲಿವರ್ ತುಂಬ ಕೊಬ್ಬು. ಹಗೇವೇ ಇಲ್ಲದ ಮನೆಯಲ್ಲಿ ರಾಗಿಯೆಲ್ಲ ಒಲೆಯ ಮುಂದೆ. 2000ದಲ್ಲಿ ವಿಜ್ಞಾನಿಗಳು ಹೀಗೆಯೇ ಕೊಬ್ಬಿಲ್ಲದ ಇಲಿಗಳಿಗೆ ಬೇರೆ ಇಲಿಗಳ ಕೊಬ್ಬನ್ನು ಕಸಿ ಮಾಡಿದಾಗ ಅವುಗಳ ಸಕ್ಕರೆ ಕಾಯಿಲೆ ಹಿಂದೆ ಸರಿಯಿತು. ಕೊಬ್ಬು ಹಾಕಿದ್ದಕ್ಕೆ ಕಾಯಿಲೆ ಹೋಯಿತು! ಆ ಸಾಲನ್ನು ನಾನು ಎರಡು ಸಲ ಓದಿದೆ. ತೊಡೆಯಲ್ಲಿ, ಸೊಂಟದ ಹಿಂದೆ, ಚರ್ಮದ ಕೆಳಗೆ ಕೂತ ಕೊಬ್ಬು ಮೈಯನ್ನು ಕಾಯುತ್ತಿರುತ್ತದೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂಡಿದ್ದೇ ಅಪಾಯ, ಅದರ ರಕ್ತ ನೇರ ಲಿವರ್‌ಗೆ ಹೋಗುವುದರಿಂದ. ಫ್ರಾನ್ಸಿನ ಮಾರ್ಸೇಲಿನ ವೈದ್ಯ ಜಾನ್ ವಾಗ್ ಕೊಬ್ಬು ಕೂರುವ ಜಾಗಕ್ಕೂ ಕಾಯಿಲೆಗೂ ನಂಟಿದೆ ಎಂದು 1947ರಲ್ಲೇ ಬರೆದಿದ್ದ. ನಮ್ಮ ತಕ್ಕಡಿಗಳಿಗೆ ಅದು ಇವತ್ತಿಗೂ ತಿಳಿದಿಲ್ಲ.

ತಮ್ಮನ ಒಗಟು ಬಿಡಿಸಿಕೊಂಡದ್ದೂ ಇದರಿಂದಲೇ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2004ರಲ್ಲಿ ಒಂದು ಫೋಟೋ ಬಂತು. ಅಕ್ಕಪಕ್ಕ ನಿಂತ ಇಬ್ಬರು ವೈದ್ಯರು: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ ಒಂದೇ, 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್ನರದು ಶೇಕಡ 9.1, ಯಾಜ್ಞಿಕರದು ಶೇಕಡ 21.2. ನೋಡಲು ಇಬ್ಬರೂ ಸಣ್ಣ. ಒಬ್ಬರ ಸಣ್ಣತನ ಸ್ನಾಯುವಿನದು, ಇನ್ನೊಬ್ಬರದು ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರುವಂಥದು. ಯಾಜ್ಞಿಕರು ಪುಣೆಯ ಸುತ್ತಲ ಹಳ್ಳಿಗಳ ಹಸುಗೂಸುಗಳನ್ನೂ ಅಳೆದರು. ಇಂಗ್ಲೆಂಡಿನ ಕೂಸು ಸರಾಸರಿ ಮೂರೂವರೆ ಕಿಲೋ, ನಮ್ಮದು 2.7. ಎಲ್ಲದರಲ್ಲೂ ಸಣ್ಣದಾದ ನಮ್ಮ ಕೂಸು ಬೆನ್ನಿನ ಚರ್ಮದಡಿಯ ಕೊಬ್ಬನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ನಮ್ಮ ಪಕ್ಕದ ಮೈಸೂರಿನಲ್ಲೂ ಇದೇ ಕಂಡಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಆ ದಾಖಲೆ ಹಿಡಿದು ಸಂಶೋಧಕರು ನಡುವಯಸ್ಸಿಗೆ ಬಂದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟಿದಾಗ ಉದ್ದ ಕಡಿಮೆಯಿದ್ದು ಗುಂಡಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾಗಿತ್ತು. ಮುಂದೆ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಹೊಸ ಪೀಳಿಗೆಯ ಮಕ್ಕಳನ್ನು ಅಳೆದಾಗಲೂ ಸ್ನಾಯು ಕಡಿಮೆ, ಬೆನ್ನಿನ ಕೊಬ್ಬು ಹೆಚ್ಚು, ಮಗುವಿಗೆ ನಾಲ್ಕು ವರ್ಷವಾದರೂ ಹಾಗೆಯೇ.

ನನ್ನ ತಮ್ಮನಿಗೆ ಸಿಕ್ಕಿದ್ದು ಚಿಕ್ಕ ಹಗೇವು. ನನಗೆ ಸಿಕ್ಕಿದ್ದು ದೊಡ್ಡದು. ಅವನದು ಬೇಗ ತುಂಬಿ ಉಕ್ಕಿತು. ನನ್ನದು ಇನ್ನೂ ಸ್ವಲ್ಪ ತಡೆದುಕೊಂಡಿದೆ, ಅಷ್ಟೇ. ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ರಾಯ್ ಟೇಲರ್ ಇದನ್ನು ಒಬ್ಬೊಬ್ಬರಿಗೂ ಇರುವ ಅವರದೇ ಕೊಬ್ಬಿನ ಮಿತಿ ಎನ್ನುತ್ತಾರೆ. ಊರಿಗೆಲ್ಲ ಒಂದೇ ಅಳತೆ ಇಲ್ಲ.

ಇದನ್ನು ಓದಿದ ರಾತ್ರಿ ಗೋಡೆಯ ಮೇಲಿನ ಅಪ್ಪನ ಫೋಟೋ ನೋಡುತ್ತ ಕೂತಿದ್ದೆ. ಪ್ರೈಮರಿ ಶಾಲೆಯ ಮೇಷ್ಟ್ರು. ಬಿಳಿ ಅಂಗಿಯ ತೋಳೊಳಗೆ ಕಡ್ಡಿಯಂಥ ಕೈ, ಗುಂಡಿಗಳ ನಡುವೆ ಸಣ್ಣ ಮಡಕೆಯಂಥ ಹೊಟ್ಟೆ. ಗೇಯುವುದು ಬಿಟ್ಟು ಕುರ್ಚಿಯ ಮೇಲೆ ಕೂತ ನಮ್ಮ ವಂಶದ ಮೊದಲ ಗಂಡಸು. ಆ ಹೊಟ್ಟೆ ಅವ್ವನ ಕಣ್ಣಿಗೆ ಭಾಗ್ಯದ ಗುರುತಾಗಿತ್ತು. "ಮೇಷ್ಟ್ರಾದ್ಮೇಲೆ ಮೈ ಹಿಡಿದ್ರು" ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತಾಳೆ. ಯಾರೂ ಅವರನ್ನು ದಪ್ಪ ಎಂದವರಿಲ್ಲ, ಯಾರೂ ಸಕ್ಕರೆ ನೋಡಿಸಿ ಎಂದವರಿಲ್ಲ. ಗೊತ್ತಾಗುವ ಹೊತ್ತಿಗೆ ಪಾದದ ಗಾಯ ಮಾಯದೆ ಮೂರು ತಿಂಗಳಾಗಿತ್ತು.

ನಿಜಕ್ಕೂ ನಾನು ಇಷ್ಟೆಲ್ಲ ಓದಿದ್ದು ನನಗಾಗಿ ಮಾತ್ರ ಅಲ್ಲ. ಮಗಳು ಹತ್ತನೇ ತರಗತಿ. ಹೋದ ಆಷಾಢಕ್ಕೆ ಮುಂಚೆ ನೆಂಟರ ಬೀಗರೂಟದಲ್ಲಿ ಯಾರೋ ಅವಳ ತಟ್ಟೆ ನೋಡಿ, "ಇವ್ಳೂ ಅವರಮ್ಮನ ಥರಾನೇ ಆಯ್ತಾವ್ಳಲ್ಲ" ಎಂದರು. ಪಂಕ್ತಿಯೆಲ್ಲ ನಕ್ಕಿತು, ಅವಳೂ ನಕ್ಕಳು. ಮಾರನೆಯ ವಾರದಿಂದ ಅವಳ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೆಯೇ ವಾಪಸು ಬರತೊಡಗಿತು. ಕೇಳಿದರೆ "ಹಸಿವಿರ್ಲಿಲ್ಲ ಅಮ್ಮ." ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಬಂದರೆ ಮಿಕ್ಕವರಿಗೆ ಭಯ ಬರುತ್ತದೆ. ಆ ಭಯ ಒಂದು ಹುಡುಗಿಯ ಡಬ್ಬಿಯಲ್ಲಿ ಹೀಗೆ ಕೂರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಅವಳ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹಗೇವಿನ ಚಿತ್ರ ಬರೆದು ಎಲ್ಲ ಹೇಳಿದೆ. ಅಜ್ಜನ ಫೋಟೋ ತೋರಿಸಿದೆ, ಮಾವನ ವರದಿ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ನಾನು ದಪ್ಪ ಆದ್ರೂ ಪರವಾಗಿಲ್ವಾ?" ಎಂದಳು. ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಅಡ್ಡದಾರಿ ಇರುವುದಿಲ್ಲ. ಪರವಾಗಿಲ್ಲ ಎಂದರೆ ಸುಳ್ಳು. ಕೊಬ್ಬಿನ ಕಣಗಳ ಲೆಕ್ಕ ಬರೆಯುತ್ತಿರುವ ವಯಸ್ಸು ಅವಳದು. ಹಾಗೆಂದು ಹೆದರಿಸಿದರೆ ಡಬ್ಬಿ ಇನ್ನೊಂದು ವರ್ಷ ತುಂಬಿಯೇ ಬರುತ್ತದೆ. "ತೂಕ ಒಂದು ನಂಬರ್ ಅಷ್ಟೇ. ಊಟ ಬಿಟ್ರೆ ಕೊಬ್ಬಿನ ಜೊತೆಗೆ ಸ್ನಾಯೂನೂ ಕರಗುತ್ತೆ. ಉಂಡ ಸಕ್ಕರೇನ ಜಾಸ್ತಿ ತಗೊಳ್ಳೋದೇ ಆ ಸ್ನಾಯು. ನಮ್ಮನೇಲಿ ಯಾರಿಗೂ ಅದು ಸಾಕಷ್ಟಿಲ್ಲ. ನೀನು ಅದನ್ನ ಕಳ್ಕೊಂಡು ಸಣ್ಣ ಆದ್ರೆ ಮಾವನ ಥರ ಆಗ್ತೀಯ. ಊಟ ಬಿಡ್ಬೇಡ, ಖೋಖೋ ಬಿಡ್ಬೇಡ" ಎಂದೆ. ಅವಳು ಏನೂ ಹೇಳಲಿಲ್ಲ. ಮಾರನೆಯ ದಿನ ಡಬ್ಬಿ ಅರ್ಧ ಖಾಲಿಯಾಗಿ ಬಂತು. ಆ ಅರ್ಧಕ್ಕೇ ನನ್ನ ಕಣ್ಣು ತುಂಬಿತು.

ಹೊಸ್ತಿಲ ಮೇಲಿರುವವರು ಹಿಂದಕ್ಕೆ ಬರಬಹುದು ಎಂಬುದಕ್ಕೆ ಗಟ್ಟಿ ಆಧಾರಗಳಿವೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಪ್ರಿಡಯಾಬಿಟಿಸ್ ಇದ್ದವರಿಗೆ ಇಟ್ಟ ಗುರಿ ಎರಡೇ: ತೂಕದಲ್ಲಿ ಶೇಕಡ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ. ಅವರಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡ 58ರಷ್ಟು ತಗ್ಗಿತು. 2006ರಲ್ಲಿ ಬಂದ ನಮ್ಮದೇ ದೇಶದ ಅಧ್ಯಯನದಲ್ಲಿ, ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಾಡಿದ್ದು, ಊಟ ಮತ್ತು ನಡಿಗೆಯ ಬದಲಾವಣೆಯಿಂದ ಶೇಕಡ 28.5ರಷ್ಟು ತಗ್ಗಿತು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆ ಎಳೆದುಕೊಳ್ಳಬಲ್ಲದು ಎಂಬುದು ನಡೆಯುವವರಿಗೆ ಸಿಗುವ ದೊಡ್ಡ ಲಾಭ. ತಮ್ಮನಂತೆ ಒಳಗೆ ಹೋದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2011ರಲ್ಲಿ ನ್ಯೂಕ್ಯಾಸಲ್ಲಿನವರು ಹನ್ನೊಂದು ಜನ ಸಕ್ಕರೆ ಕಾಯಿಲೆಯವರಿಗೆ ವೈದ್ಯರ ಕಣ್ಗಾವಲಿನಲ್ಲಿ ಎಂಟು ವಾರ ದಿನಕ್ಕೆ ಸುಮಾರು ಆರುನೂರು ಕ್ಯಾಲೊರಿಯ ಆಹಾರವಷ್ಟೇ ಕೊಟ್ಟರು. ಮೊದಲು ಖಾಲಿಯಾದದ್ದು ಲಿವರ್‌ನ ಕೊಬ್ಬು. ಒಂದೇ ವಾರಕ್ಕೆ ಫಾಸ್ಟಿಂಗ್ ಸಕ್ಕರೆ ಸಹಜಕ್ಕೆ ಬಂತು. ಮೇದೋಜೀರಕ ಗ್ರಂಥಿಯಲ್ಲಿ ಇಳಿದ ಕೊಬ್ಬು ಒಂದು ಗ್ರಾಂಗೂ ಕಡಿಮೆ ಎಂದು ಮುಂದೆ ಲೆಕ್ಕ ಸಿಕ್ಕಿತು. ಒಂದು ಕಡಲೆಬೀಜದಷ್ಟು. ಒಲೆಯ ಬಾಯಿಗೆ ಅಡ್ಡವಿದ್ದ ಮೂಟೆ ಅಷ್ಟೇ ಚಿಕ್ಕದು. ನಮ್ಮ ಕಣ್ಣು ಮಾತ್ರ ಪಡಸಾಲೆಯ ಮೂಟೆಗಳ ಮೇಲೆ.

ತಮ್ಮ ವೈದ್ಯರು ಹೇಳಿದಂತೆ ಔಷಧಿಯ ಜೊತೆಗೆ ಅನ್ನ ಅರ್ಧ ಮಾಡಿ, ಹುರುಳಿ, ಕಾಳು, ಸೊಪ್ಪು, ಮೊಟ್ಟೆ ಹೆಚ್ಚಿಸಿ, ಕಾಫಿಯ ಸಕ್ಕರೆ ಬಿಟ್ಟು ಐದು ಕಿಲೋ ಇಳಿದಿದ್ದಾನೆ. ಮೊದಲೇ ಕಡ್ಡಿ, ಈಗ ಎದುರಿಗೆ ಸಿಕ್ಕವರೆಲ್ಲ "ಯಾಕಣ್ಣ, ಉಷಾರಿಲ್ವ" ಎಂದು ಕೇಳುತ್ತಾರೆ. ಉಷಾರಾಗುತ್ತಿರುವುದೇ ಈಗ ಎಂದು ಅವರಿಗೆ ಹೇಗೆ ಹೇಳುವುದು? ಅವನ ಎಚ್‌ಬಿಎ1ಸಿ 6.2ಕ್ಕೆ ಬಂದಿದೆ. ನಾನು ಊಟವಾದ ಮೇಲೆ ಇಪ್ಪತ್ತು ನಿಮಿಷ ಕಾಲೇಜಿನ ಮೈದಾನ ಸುತ್ತುತ್ತೇನೆ. ಒಂದು ವರ್ಷಕ್ಕೆ ನಾಲ್ಕು ಕಿಲೋ ಇಳಿದಿದೆ, ಸೊಂಟದ ಸುತ್ತಳತೆ ಆರು ಸೆಂಟಿಮೀಟರ್. ನಮ್ಮ ಹೆಂಗಸರಿಗೆ ಹೇಳುವ 80 ಸೆಂಟಿಮೀಟರಿನ ಗಡಿ ಇನ್ನೂ ದೂರವಿದೆ. ನೋಡಿದವರಿಗೆ ನಾನು ಈಗಲೂ ದಪ್ಪ. ಎಚ್‌ಬಿಎ1ಸಿ 5.8.

"ಇಳಿದ ಕೊಬ್ಬು ಎಲ್ಲಿಗೆ ಹೋಗುತ್ತೆ?" ಎಂದು ಮಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿದಳು. ಬೆವರಲ್ಲಿ ಎಂದ ತಮ್ಮ. ಇಲ್ಲ, ಬಹುಪಾಲು ಉಸಿರಿನಲ್ಲಿ. ಹತ್ತು ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ ಎಂದು 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದಾರೆ. ಅವಳು ಹಾಗಾದರೆ ಸುಮ್ಮನೆ ಜೋರಾಗಿ ಉಸಿರಾಡಿದರೆ ಸಾಕಲ್ಲ ಎಂದಳು. ಸಾಲದು, ಒಳಗೆ ಉರಿದರೆ ತಾನೇ ಹೊಗೆ ಎಂದೆ. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅವ್ವ ಕೈ ನಿಲ್ಲಿಸಿ ಕೇಳಿಸಿಕೊಂಡಳು. "ನಿಮ್ಮಪ್ಪನ ತೋಳು ನೋಡಿದ್ರೆ ಯಾರ್‍ಗವ್ವ ಗೊತ್ತಾಗದು" ಎಂದು ಮತ್ತೆ ಕುಟ್ಟತೊಡಗಿದಳು.

ಆ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಮದ್ದೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಅವ್ವನ ತಮ್ಮನ ಮಗ, ಬೆಂಗಳೂರಿನಲ್ಲಿ ಕೆಲಸ, ಬಿದಿರು ಗಳುವಿನಂಥ ಹುಡುಗ, ಅಂಗಿಯ ಕೆಳಗಡೆ ಅಂಗೈಯಷ್ಟು ಹೊಟ್ಟೆ. ಹಿಂದಾಗಿದ್ದರೆ ಅವ್ವ 'ಸೊರಗೋಗಿದೀಯಲ್ಲೋ' ಎಂದು ಇನ್ನೊಂದು ಜಾಮೂನು ಹಾಕಿಸುತ್ತಿದ್ದಳು. ಈ ಸಲ ಅವನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, "ಸಣ್ಣಕಿವ್ನಿ ಅಂತ ಸುಮ್ಕಿರ್ಬೇಡ ಕಣ್ಲಾ, ಒಂದ್ಸಲ ರಕ್ತ ತೋರಿಸ್ಕೊ" ಎಂದಳು. ಎದುರಿಗೆ ನಾನು ಒಬ್ಬಟ್ಟು ತಿನ್ನುತ್ತಿದ್ದೆ, ಒಂದೇ. ನನ್ನ ತಟ್ಟೆಯ ಕಡೆ ಅವಳು ನೋಡಲಿಲ್ಲ.